ಸುವರ್ಣಸೌಧದಲ್ಲಿ ಸೈನ್ಯದ ಪ್ರಶ್ನೆ ಯಾಕೆ ಬರಲ್ಲ?

ಓದುಗರ ಪ್ರಶ್ನೆ: "ಚಳಿಗಾಲ ಬಂತೆಂದರೆ ಇಡೀ ಸರ್ಕಾರ ಬೆಳಗಾವಿಗೆ ಬಂದು ಕೂರುತ್ತೆ. ನಮ್ಮೂರು ಸೈನ್ಯದ ಊರು. ಆದರೂ ಸುವರ್ಣಸೌಧದಲ್ಲಿ ಸೈನ್ಯದ ಬಗ್ಗೆಯಾಗಲಿ, ಹೊರದೇಶದಲ್ಲಿ ಸಿಕ್ಕಿಹಾಕಿಕೊಂಡ ನಮ್ಮ ಹುಡುಗರ ಬಗ್ಗೆಯಾಗಲಿ ಯಾರೂ ಪ್ರಶ್ನೆ ಕೇಳಲ್ಲ. ಆ ಖಾತೆಗಳ ಮಂತ್ರಿಗಳು ಉತ್ತರ ಕೊಡೋದು ಯಾರಿಗೆ? ‘ಭದ್ರತೆ ವಿಷಯ, ಹೇಳಲ್ಲ’ ಅಂದುಬಿಟ್ಟರೆ ಅಲ್ಲಿಗೆ ಮುಗೀತಾ?"

ಈ ಪ್ರಶ್ನೆಯನ್ನು ನಾನು ಮೊದಲು ಕೇಳಿದ್ದು ಕ್ಯಾಂಪ್‌ನ, ಅಂದರೆ ಬೆಳಗಾವಿಯ ಕ್ಯಾಂಟೋನ್‌ಮೆಂಟ್ (ದಂಡು) ಪ್ರದೇಶದ, ಒಂದು ಚಹಾದಂಗಡಿಯಲ್ಲಿ. ಕೇಳಿದವರು ನಿವೃತ್ತ ಹವಾಲ್ದಾರರೊಬ್ಬರು. ಕೈಯಲ್ಲಿ ಪೇಪರ್, ಮುಖದಲ್ಲಿ ಸಿಟ್ಟು. "ಹಲಗಾದಾಗ ಅಷ್ಟು ದೊಡ್ಡ ಬಿಲ್ಡಿಂಗ್ ಕಟ್ಯಾರ, ನಮ್ಮ ಕ್ಯಾಂಪಿನ ಮಾತು ಒಂದೂ ಬರಂಗಿಲ್ಲಲ್ರಿ" ಅಂದರು. ಹಲಗಾ ಅಂದರೆ ಸುವರ್ಣಸೌಧ ಇರುವ ಜಾಗ. ಅವರ ಸಿಟ್ಟಿಗೆ ಕಾರಣ ಇತ್ತು. ಅದನ್ನು ಕೊನೆಗೆ ಹೇಳುತ್ತೇನೆ.

ಬೆಳಗಾವಿ ಸೈನ್ಯದ ಊರು ಅನ್ನೋದು ಸುಮ್ನೆ ಹೇಳುವ ಮಾತಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ 1922ರಿಂದ ಇಲ್ಲಿದೆ. ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆ ಇದೆ. ಊರೊಳಗೇ ರಾಷ್ಟ್ರೀಯ ಮಿಲಿಟರಿ ಶಾಲೆ ಇದೆ. ಅತ್ತ ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆ ನಡೆಯುತ್ತಿದೆ. ಇಷ್ಟೆಲ್ಲ ಇದ್ದರೂ, 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧದಲ್ಲಿ ಇವುಗಳ ಬಗ್ಗೆ ಉತ್ತರ ಹೇಳಬೇಕಾದ ಮಂತ್ರಿಯೇ ಇಲ್ಲ. ವಿಷಯ ಇಷ್ಟೇ.

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಯಾವ ವಿಷಯ ಕೇಂದ್ರದ್ದು, ಯಾವುದು ರಾಜ್ಯದ್ದು ಎಂದು ಪಟ್ಟಿ ಮಾಡಿದ್ದಾರೆ. ಕೇಂದ್ರ ಪಟ್ಟಿಯ ಮೊದಲ ನಮೂದೇ ದೇಶದ ರಕ್ಷಣೆ. ಎರಡನೆಯದು ಮೂರೂ ಪಡೆಗಳು. ಮೂರನೆಯದು ಕ್ಯಾಂಟೋನ್‌ಮೆಂಟ್. ಹತ್ತನೆಯದು ವಿದೇಶಾಂಗ, ಹತ್ತೊಂಬತ್ತನೆಯದರಲ್ಲಿ ಪಾಸ್‌ಪೋರ್ಟ್ ಮತ್ತು ವೀಸಾ. ವಿಧಾನಸಭೆಯಲ್ಲಿ ಶಾಸಕರು ಕೇಳುವ ಪ್ರಶ್ನೆ ರಾಜ್ಯದ ಮಂತ್ರಿಯ ಕೈಯಲ್ಲಿರುವ ವಿಷಯದ್ದಾಗಿರಬೇಕು. ಕ್ಯಾಂಪ್ ಮಂತ್ರಿ ಎಂಬ ಖಾತೆ ಬೆಂಗಳೂರಲ್ಲಿ ಇಲ್ಲವಲ್ಲ. ಹಾಗಾಗಿ ಆ ಪ್ರಶ್ನೆ ದೆಹಲಿಗೆ ಹೋಗಬೇಕು, ನಮ್ಮ ಸಂಸದರ ಮೂಲಕ ಹೋಗಬೇಕು.

ಹೋದ ಮೇಲೆ ಏನಾಗುತ್ತೆ? ಲೋಕಸಭೆಯಲ್ಲಿ ಬೆಳಿಗ್ಗೆ 11ರಿಂದ 12ರವರೆಗೆ ಪ್ರಶ್ನೋತ್ತರ ವೇಳೆ. ರಾಜ್ಯಸಭೆಯಲ್ಲಿ 2014ರಿಂದ ಅದು ಮಧ್ಯಾಹ್ನ 12ಕ್ಕೆ ಶುರುವಾಗುತ್ತೆ. ಪ್ರಶ್ನೆಯಲ್ಲಿ ಎರಡು ಜಾತಿ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರ ಕೊಡಬೇಕು. ಚುಕ್ಕೆ ಇಲ್ಲದ್ದಕ್ಕೆ ಕಾಗದದಲ್ಲಿ ಕೊಟ್ಟರೆ ಸಾಕು. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಪ್ರಶ್ನೆ, 230 ಚುಕ್ಕೆ ಇಲ್ಲದ ಪ್ರಶ್ನೆ. ಒಬ್ಬ ಸಂಸದ ದಿನವೊಂದಕ್ಕೆ ಐದು ಪ್ರಶ್ನೆ ಕೊಡಬಹುದು, ಹದಿನೈದು ದಿನ ಮೊದಲೇ ಕೊಟ್ಟಿರಬೇಕು. ಯಾರ ಪ್ರಶ್ನೆ ಮೇಲೆ ಬರಬೇಕು ಅನ್ನೋದಕ್ಕೆ ಚೀಟಿ ಎತ್ತುತ್ತಾರೆ. ಒಂದೊಂದು ಸಚಿವಾಲಯಕ್ಕೆ ವಾರದಲ್ಲಿ ಒಂದೊಂದೇ ದಿನ. ವಿದೇಶಾಂಗದ ಸರದಿ ಇತ್ತೀಚೆಗೆ ಲೋಕಸಭೆಯಲ್ಲಿ ಶುಕ್ರವಾರ, ರಾಜ್ಯಸಭೆಯಲ್ಲಿ ಗುರುವಾರ ಬರುತ್ತಿದೆ. ಆ ದಿನ ಗದ್ದಲವಾಗಿ ಸದನ ಮುಂದಕ್ಕೆ ಹೋಯಿತು ಅಂದರೆ ಬಾಯಿಮಾತಿನ ಉತ್ತರವೂ ಹೋಯಿತು. ಮುಂದಿನ ವಾರಕ್ಕೆ ಅದೇ ಪ್ರಶ್ನೆ ಉಳಿಯಲ್ಲ.

ಗದ್ದಲ ಇಲ್ಲದ ದಿನವೂ 20ರಲ್ಲಿ ನಾಲ್ಕೈದು ಪ್ರಶ್ನೆ ಮುಟ್ಟಿದರೆ ಅದೇ ದೊಡ್ಡದು. 2019ರ ನವೆಂಬರ್ 27ರಂದು ಲೋಕಸಭೆಯಲ್ಲಿ ಇಪ್ಪತ್ತೂ ಮುಗಿದಾಗ ಅದು ಸುದ್ದಿಯಾಯಿತು. 1972ರ ನಂತರ ಹಾಗಾಗಿದ್ದು ಅದೇ ಮೊದಲು!

ಚುಕ್ಕೆ ಪ್ರಶ್ನೆಗೆ ಇಷ್ಟೊಂದು ಬೇಡಿಕೆ ಯಾಕೆ? ಪೂರಕ ಪ್ರಶ್ನೆಗಾಗಿ. ಮೂಲ ಪ್ರಶ್ನೆಗೆ ಉತ್ತರ ಮೊದಲೇ ತಯಾರಾಗಿರುತ್ತೆ, "ಹೇಳಿಕೆಯನ್ನು ಸದನದ ಮೇಜಿನ ಮೇಲೆ ಇಡಲಾಗಿದೆ" ಎಂದು ಮಂತ್ರಿ ಕೂತುಬಿಡುತ್ತಾರೆ. ನಿಜವಾದ ಆಟ ಅದರ ಮೇಲೆ ಶುರು. ಪ್ರಶ್ನೆ ಕೇಳಿದ ಸದಸ್ಯರಿಗೆ ಎರಡು ಪೂರಕ ಪ್ರಶ್ನೆ ಸಿಗುತ್ತೆ, ಆಮೇಲೆ ಸ್ಪೀಕರ್ ಬೇರೆಯವರನ್ನೂ ಕರೆಯುತ್ತಾರೆ. ಅದು ಏನು ಬರುತ್ತೋ ಮಂತ್ರಿಗೂ ಗೊತ್ತಿರಲ್ಲ. ಅಧಿಕಾರಿಗಳ ಗ್ಯಾಲರಿಯಿಂದ ಚೀಟಿ ಬರುತ್ತೆ. ಮಂತ್ರಿ ಅದನ್ನು ಓದುವಷ್ಟರಲ್ಲಿ ಅವರ ಮುಖ ನೋಡಿದರೆ ಸಾಕು, ಖಾತೆ ಎಷ್ಟು ಕೈಗೆ ಹತ್ತಿದೆ ಅಂತ ತಿಳಿಯುತ್ತೆ. ಈಗಿನ ವಿದೇಶಾಂಗ ಸಚಿವ ಎಸ್. ಜೈಶಂಕರ್ ರಾಜ್ಯಸಭೆಯ ಸದಸ್ಯರು. ಆದರೂ ಲೋಕಸಭೆಗೆ ಬಂದು ಉತ್ತರ ಕೊಡುತ್ತಾರೆ, ಮಂತ್ರಿಯಾದವರಿಗೆ ಎರಡೂ ಸದನದಲ್ಲಿ ಮಾತಾಡುವ ಹಕ್ಕಿದೆ. ಮತ ಹಾಕೋದು ಮಾತ್ರ ತಮ್ಮ ಸದನದಲ್ಲಿ.

ಈಗ ನಿಮ್ಮ ಪ್ರಶ್ನೆಯ ಕಷ್ಟದ ಭಾಗ. ಹೇಳಲ್ಲ ಅಂದರೆ?

ಮೊದಲು ತಿಳಿಯಬೇಕಾದ್ದು, ಕೆಲವು ಪ್ರಶ್ನೆ ಮಂತ್ರಿಯವರೆಗೂ ಹೋಗಲ್ಲ. ಲೋಕಸಭೆಯ ನಿಯಮ 41ರಲ್ಲಿ ಒಂದು ಜರಡಿ ಇದೆ. ಪ್ರಶ್ನೆ 150 ಪದ ಮೀರಬಾರದು. ಸಂಪುಟ ಸಭೆಯಲ್ಲಿ ಏನು ಮಾತಾಡಿದಿರಿ ಅಂತ ಕೇಳಬಾರದು. ಸ್ವಭಾವದಲ್ಲೇ ಗುಟ್ಟಾದ ವಿಷಯ ಕೇಳಬಾರದು. ಸ್ನೇಹದಲ್ಲಿರುವ ಹೊರದೇಶದ ಬಗ್ಗೆ ಅಗೌರವದ ಮಾತು ಇರಬಾರದು. ಅಭಿಪ್ರಾಯ ಕೇಳುವ ಹಾಗೂ ಇಲ್ಲ. "ಆ ದೇಶ ನಮಗೆ ಮೋಸ ಮಾಡಿದೆ ಅಂತ ಮಂತ್ರಿಗಳಿಗೆ ಅನಿಸಲ್ವಾ" ಅನ್ನೋ ಪ್ರಶ್ನೆ ಚಹಾದಂಗಡಿಯಲ್ಲಿ ನಡೆಯುತ್ತೆ, ಸದನದಲ್ಲಿ ನಡೆಯಲ್ಲ.

ಜರಡಿ ದಾಟಿದರೂ ಮಂತ್ರಿ ನಿರಾಕರಿಸಬಹುದು. ರಫೇಲ್ ವಿಮಾನದ ಬೆಲೆಯ ಕಥೆ ನೋಡಿ. 2016ರ ನವೆಂಬರ್‌ನಲ್ಲಿ ರಕ್ಷಣಾ ರಾಜ್ಯ ಸಚಿವರು ಲೋಕಸಭೆಗೆ ಲಿಖಿತ ಉತ್ತರ ಕೊಟ್ಟು, ಒಂದು ವಿಮಾನಕ್ಕೆ ಸುಮಾರು 670 ಕೋಟಿ ರೂಪಾಯಿ ಎಂದರು. 2018ರ ಫೆಬ್ರುವರಿಯಲ್ಲಿ ರಾಜ್ಯಸಭೆಯಲ್ಲಿ ಬೆಲೆ ಕೇಳಿದಾಗ, ಫ್ರಾನ್ಸ್ ಜೊತೆಗಿನ ಒಪ್ಪಂದದ ಪ್ರಕಾರ ವಿವರ ಕೊಡಲಾಗದು ಎಂಬ ಉತ್ತರ ಬಂತು. ಆಗ ರಕ್ಷಣಾ ಮಂತ್ರಿ ನಿರ್ಮಲಾ ಸೀತಾರಾಮನ್, ರಾಜ್ಯಸಭೆಗೆ ಕರ್ನಾಟಕದಿಂದಲೇ ಆರಿಸಿ ಹೋದವರು. ಯಾವ ಉತ್ತರ ಸರಿ ಅನ್ನೋ ಜಗಳ ಇಲ್ಲಿ ಬೇಡ. ನಾನು ಹೇಳೋದು ಬೇರೆ. ಎರಡೂ ಉತ್ತರ ದಾಖಲೆಯಲ್ಲಿವೆ. ಒಂದನ್ನು ಇನ್ನೊಂದರ ಪಕ್ಕ ಇಟ್ಟು ಓದಿದ್ದರಿಂದಲೇ ದೇಶದಲ್ಲಿ ಅಷ್ಟು ದೊಡ್ಡ ಚರ್ಚೆ ನಡೆಯಿತು. "ಹೇಳಲ್ಲ" ಅನ್ನೋದೂ ತಾರೀಖು ಹಾಕಿದ ಉತ್ತರವೇ.

ಅರ್ಧ ಕೊಟ್ಟು ಅರ್ಧ ಬಿಡುವ ಉತ್ತರಗಳೂ ಇವೆ. ಹೊರದೇಶದ ಜೈಲುಗಳಲ್ಲಿ ಎಷ್ಟು ಭಾರತೀಯರಿದ್ದಾರೆ ಅಂತ ವರ್ಷಕ್ಕೆ ಹಲವು ಸಲ ಕೇಳುತ್ತಾರೆ. ವಿದೇಶಾಂಗ ಸಚಿವಾಲಯ ದೇಶವಾರು ಪಟ್ಟಿ ಕೊಡುತ್ತೆ. ಕೆಳಗೆ ಒಂದು ಸಾಲು ಸೇರಿಸುತ್ತೆ: ಹಲವು ದೇಶಗಳಲ್ಲಿ ಖಾಸಗಿತನದ ಕಾನೂನು ಬಿಗಿ, ಕೈದಿ ಒಪ್ಪದಿದ್ದರೆ ಅಲ್ಲಿನವರು ನಮಗೆ ಮಾಹಿತಿ ಕೊಡಲ್ಲ. ಗಲ್ಫ್‌ಗೆ ಮಗನನ್ನು ಕಳಿಸಿ ಆರು ತಿಂಗಳಿಂದ ಫೋನ್ ಇಲ್ಲ ಎಂದು ಕೂತ ಮನೆಯವರಿಗೆ ಪಟ್ಟಿಗಿಂತ ಆ ಸಾಲೇ ಮುಖ್ಯ. ಪಟ್ಟಿಯಲ್ಲಿ ಇಲ್ಲ ಅಂದಮಾತ್ರಕ್ಕೆ ಜೈಲಲ್ಲಿ ಇಲ್ಲ ಅಂತ ಅಲ್ಲ. ಇಂಥವರು ಸಂಸತ್ತಿನ ಪ್ರಶ್ನೆಗೆ ಕಾಯುತ್ತಾ ಕೂರಬಾರದು. ಅದೇ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ಮೊದಲು ದೂರು ಹಾಕಿ.

ಮಂತ್ರಿ ತಾವಾಗಿಯೇ ಎದ್ದು ಹೇಳಿಕೆ ಕೊಡೋದು ಇನ್ನೊಂದು ದಾರಿ. ಟಿವಿಯಲ್ಲಿ ನೋಡಿದವರಿಗೆ ಅದೂ ಪ್ರಶ್ನೋತ್ತರದ ಹಾಗೇ ಕಾಣುತ್ತೆ. ಅಲ್ಲ. ಲೋಕಸಭೆಯ ನಿಯಮ 372ರ ಪ್ರಕಾರ ಮಂತ್ರಿ ಹೇಳಿಕೆ ಕೊಡುವಾಗ ಪ್ರಶ್ನೆ ಕೇಳುವ ಹಾಗಿಲ್ಲ. ರಾಜ್ಯಸಭೆಯಲ್ಲಿ ಸ್ಪಷ್ಟನೆ ಕೇಳಲು ಅವಕಾಶ ಇದೆ. ಗಲ್ವಾನ್‌ನಲ್ಲಿ 20 ಸೈನಿಕರು ಪ್ರಾಣ ಕೊಟ್ಟದ್ದು 2020ರ ಜೂನ್ 15ರ ರಾತ್ರಿ. ಸೆಪ್ಟೆಂಬರ್ 15ರಂದು ರಕ್ಷಣಾ ಮಂತ್ರಿ ರಾಜನಾಥ್ ಸಿಂಗ್ ಲೋಕಸಭೆಯಲ್ಲಿ ಹೇಳಿಕೆ ಕೊಟ್ಟರು. ಆ ಅಧಿವೇಶನದಲ್ಲಿ ಕೊರೋನಾ ಕಾರಣಕ್ಕೆ ಪ್ರಶ್ನೋತ್ತರ ವೇಳೆಯೇ ಇರಲಿಲ್ಲ, ಬರೀ ಲಿಖಿತ ಉತ್ತರ. ಅಂದರೆ ಇಡೀ ದೇಶ ಕೇಳಬೇಕೆಂದಿದ್ದ ವಿಷಯಕ್ಕೆ ಲೋಕಸಭೆಯಲ್ಲಿ ಒಂದು ಪೂರಕ ಪ್ರಶ್ನೆಯೂ ಆಗಲಿಲ್ಲ. ನನಗೆ ಇದು ಇವತ್ತಿಗೂ ಸರಿ ಅನಿಸಿಲ್ಲ.

ಯುದ್ಧದ ಹೊತ್ತಲ್ಲಿ ಮಾತೇ ಬೇಡ ಅನ್ನುವವರು 1962 ನೆನೆಯಬೇಕು. ಆಗಲೂ ಪ್ರಶ್ನೋತ್ತರ ವೇಳೆ ನಿಂತಿತ್ತು. ಆದರೆ ಚೀನಾ ಯುದ್ಧದ ಮೇಲೆ ಲೋಕಸಭೆಯಲ್ಲಿ 165 ಸದಸ್ಯರು ಮಾತಾಡಿದರು. ಪ್ರಧಾನಿಯೂ ವಿದೇಶಾಂಗ ಮಂತ್ರಿಯೂ ಆಗಿದ್ದ ನೆಹರೂ ಅಷ್ಟನ್ನೂ ಎದುರಿಸಬೇಕಾಯಿತು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಆ ಚರ್ಚೆಗೆ ಮೊದಲೇ ಹುದ್ದೆ ಬಿಡಬೇಕಾಗಿತ್ತು.

ಒಂದು ಉತ್ತರ ಮಾತ್ರ ಕೇಳಲು ಬೇಜಾರಾದರೂ ಉಪಯೋಗದ್ದು: "ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದಿಡಲಾಗುವುದು." ನುಣುಚಿಕೊಂಡರು ಅಂತ ಪೇಪರ್ ಮಡಚಬೇಡಿ. ಅದು ಲೆಕ್ಕದಲ್ಲಿ ಭರವಸೆ. ಮೂರು ತಿಂಗಳಲ್ಲಿ ಈಡೇರಿಸಬೇಕು. ಈಡೇರಿತಾ ಅಂತ ನೋಡಲೆಂದೇ ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಇದೆ. ಸಂಸದರು ಮತ್ತೆ ಕೆದಕಬಹುದು. ಕೆದಕುವವರು ಕಡಿಮೆ, ಅದು ಬೇರೆ ಮಾತು.

ತಪ್ಪು ಬಾಗಿಲು ಬಡಿಯೋದೂ ಜಾಸ್ತಿ. ಹೊರದೇಶದ ಒಣದ್ರಾಕ್ಷಿ ಬಂದು ನಮ್ಮ ರೇಟು ಬಿತ್ತು ಅಂತ ವಿಜಯಪುರದ ಬೆಳೆಗಾರರು ಹೇಳುತ್ತಾರೆ. ವಿಷಯ ಹೊರದೇಶದ್ದೇ, ಆದರೆ ಆಮದು ವಾಣಿಜ್ಯ ಸಚಿವಾಲಯದ್ದು. ಉಕ್ರೇನ್ ಯುದ್ಧದಲ್ಲೂ ಹೀಗೇ ಆಯಿತು. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಖಾರ್ಕಿವ್‌ನಲ್ಲಿ ತೀರಿಕೊಂಡಾಗ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ನಿದ್ದೆ ಇರಲಿಲ್ಲ. ಎರಡು ವಾರದ ನಂತರ ಜೈಶಂಕರ್ ಸಂಸತ್ತಿನಲ್ಲಿ ಹೇಳಿಕೆ ಕೊಟ್ಟು, ಸುಮಾರು 22,500 ಭಾರತೀಯರು ಮರಳಿದ್ದಾರೆ ಎಂದರು. ಮರಳಿದವರ ಓದು ಮುಂದೇನು ಅನ್ನೋ ಪ್ರಶ್ನೆಗೆ ಉತ್ತರ ಅವರದ್ದಲ್ಲ, ಆರೋಗ್ಯ ಸಚಿವಾಲಯದ್ದು. ವಿಜಯಪುರದ ಸೈನಿಕ ಶಾಲೆಯದ್ದು ಇದರ ಉಲ್ಟಾ. ಶಾಲೆ ಅಂದಕೂಡಲೇ ಶಿಕ್ಷಣ ಮಂತ್ರಿ ನೆನಪಾಗುತ್ತಾರೆ. ಆದರೆ ಅದನ್ನು ನಡೆಸುವ ಸೊಸೈಟಿ ರಕ್ಷಣಾ ಸಚಿವಾಲಯದ ಕೆಳಗಿದೆ.

ಇನ್ನು ಹವಾಲ್ದಾರರ ವಿಷಯ. ಅವರ ಮನೆ ಕ್ಯಾಂಪ್‌ನ ನಾಗರಿಕ ಭಾಗದಲ್ಲಿದೆ. ಕ್ಯಾಂಟೋನ್‌ಮೆಂಟ್‌ಗಳ ಇಂಥ ಭಾಗಗಳನ್ನು ಬಿಡಿಸಿ ಊರಿನ ಪಾಲಿಕೆ, ಪುರಸಭೆಗಳಿಗೆ ಸೇರಿಸುವ ಕೆಲಸವನ್ನು ಕೇಂದ್ರ ಕೈಗೆತ್ತಿಕೊಂಡಿದೆ. 2023ರ ಏಪ್ರಿಲ್‌ನಲ್ಲಿ ಹಿಮಾಚಲದ ಯೋಲ್‌ನಿಂದ ಶುರುವಾಯಿತು. ನಮ್ಮದು ಯಾವಾಗ, ಆಸ್ತಿ ಯಾರ ಹೆಸರಿಗೆ, ನೀರಿನ ಬಿಲ್ಲು ಯಾರಿಗೆ ಅನ್ನೋದು ಅವರ ತಲೆಬಿಸಿ. ನಾಲ್ಕು ಪುಟದ ಪತ್ರ ಬರೆದಿದ್ದರು. ಅದರಲ್ಲಿ ಚೀನಾ ಇತ್ತು, ಪಿಂಚಣಿ ಇತ್ತು, ಕ್ಯಾಂಪ್‌ನ ಬೀದಿದೀಪವೂ ಇತ್ತು. ಯಾವ ಸಂಸದರ ಕಚೇರಿಯೂ ಇದನ್ನು ಪ್ರಶ್ನೆ ಮಾಡಲಾರದು.

ಕೂತು ಒಡೆದೆವು. ದೆಹಲಿಗೆ ಮೂರು ಸಾಲು: (ಎ) ಬೆಳಗಾವಿ ಕ್ಯಾಂಟೋನ್‌ಮೆಂಟ್‌ನ ನಾಗರಿಕ ಪ್ರದೇಶವನ್ನು ಪಾಲಿಕೆಗೆ ಸೇರಿಸುವ ಪ್ರಸ್ತಾವ ಸರ್ಕಾರದ ಮುಂದಿದೆಯೇ; (ಬಿ) ಇದ್ದರೆ ಎಷ್ಟು ಎಕರೆ, ಎಷ್ಟು ಮನೆ, ಯಾವ ಹಂತದಲ್ಲಿದೆ; (ಸಿ) ಗುತ್ತಿಗೆ ಜಾಗದ ಮನೆಗಳ ಹಕ್ಕಿನ ಬಗ್ಗೆ ಏನು ತೀರ್ಮಾನವಾಗಿದೆ. ಇದರಲ್ಲಿ ಗುಟ್ಟೇನೂ ಇಲ್ಲ, ಭದ್ರತೆಯ ನೆಪ ಹೇಳಲು ಜಾಗವೂ ಇಲ್ಲ.

ಆಮೇಲೆ ಒಂದು ಹೊಳೆಯಿತು. ಸೇರಿಸಿಕೊಳ್ಳಬೇಕಾದ ಪಾಲಿಕೆ ರಾಜ್ಯದ್ದು ತಾನೆ? ಹಾಗಾದರೆ "ಈ ಪ್ರಸ್ತಾವಕ್ಕೆ ರಾಜ್ಯ ಸರ್ಕಾರ ಯಾವ ದಿನ ಏನೆಂದು ಉತ್ತರ ಬರೆದಿದೆ" ಎಂದು ನಗರಾಭಿವೃದ್ಧಿ ಮಂತ್ರಿಯನ್ನು ಸುವರ್ಣಸೌಧದಲ್ಲೇ ಕೇಳಬಹುದು. ಮಾಜಿ ಸೈನಿಕರಿಗೆ, ಹುತಾತ್ಮರ ಮನೆಯವರಿಗೆ ರಾಜ್ಯ ಕೊಡುವ ನೆರವಿನ ಬಗ್ಗೆಯೂ ಅಷ್ಟೇ. ಅದಕ್ಕೆ ರಾಜ್ಯದ್ದೇ ಸೈನಿಕ ಕಲ್ಯಾಣ ಇಲಾಖೆ ಇದೆ. ಹಾಗಾಗಿ ನಮ್ಮ ನಾಲ್ಕು ಪುಟ ಎರಡು ಚೀಟಿಯಾಯಿತು. ಒಂದು ಸಂಸದರಿಗೆ, ಒಂದು ಶಾಸಕರಿಗೆ.

ಹವಾಲ್ದಾರರು ಕನ್ನಡಕ ಹಾಕಿಕೊಂಡು ಎರಡನ್ನೂ ಓದಿದರು. "ಎಲ್ಲಾ ಬರೋಬರಿ ಐತಿ. ಆದ್ರ ನಾ ಬರದಿದ್ದು ಬೀದಿದೀಪ ಎಲ್ಲಿ ಹೋತ್ರಿ?" ಎಂದರು. ಅದಕ್ಕೆ ದೆಹಲಿಯೂ ಬೇಡ, ಹಲಗಾನೂ ಬೇಡ. ಕ್ಯಾಂಟೋನ್‌ಮೆಂಟ್ ಬೋರ್ಡಿನ ಕಚೇರಿ ಆ ಚಹಾದಂಗಡಿಯಿಂದ ನಡೆದು ಹೋಗುವಷ್ಟು ದೂರ.