ಗೋಡೆ ಕಪಾಟಿಗೆ ವಾರ್ಡ್‌ರೋಬ್ ಕಿಟ್ ಕೂರುತ್ತಾ?

ಪ್ರಶ್ನೆ: ನಮ್ಮ ರೂಮಿನಲ್ಲಿ ಕಡಪ ಕಲ್ಲಿನ, ಬಾಗಿಲಿಲ್ಲದ ಗೋಡೆ ಕಪಾಟಿದೆ. ಆನ್‌ಲೈನ್‌ನಲ್ಲಿ ಸಿಗುವ, ನಾವೇ ಜೋಡಿಸಿಕೊಳ್ಳುವ ವಾರ್ಡ್‌ರೋಬ್ ಕಿಟ್ ತಂದು ಅದರೊಳಗೆ ಹಾಕಬಹುದಾ? ಯಾವುದು ಒಳ್ಳೆಯದು?

ಉತ್ತರ: ದುಡ್ಡು ಕೊಡುವ ಮೊದಲು ಕಪಾಟಿನ ಆಳ ಅಳೆಯಿರಿ. ಅಗಲ, ಎತ್ತರ ಎಲ್ಲರಿಗೂ ನೆನಪಿರುತ್ತದೆ, ಆಳ ಮರೆತುಹೋಗುತ್ತದೆ. ದೊಡ್ಡವರ ಶರ್ಟಿನ ಹ್ಯಾಂಗರ್ ಸುಮಾರು 17 ಇಂಚು. ಬಟ್ಟೆ ಗೋಡೆಗೆ ಉಜ್ಜದೆ ನೇತಾಡಬೇಕಾದರೆ 22ರಿಂದ 24 ಇಂಚು ಆಳ ಬೇಕು. ನಮ್ಮ ಕಡೆಯ ಗೋಡೆ ಕಪಾಟುಗಳು ಎಷ್ಟೋ ಮನೆಗಳಲ್ಲಿ ಒಂದೂವರೆ ಅಡಿಯೂ ಇರುವುದಿಲ್ಲ. ಅದರಲ್ಲಿ ಅಡ್ಡಕ್ಕೆ ರಾಡ್ ಕೂರಿಸಿದರೆ ಹ್ಯಾಂಗರ್‌ಗಳು ಓರೆಯಾಗಿ ನಿಲ್ಲುತ್ತವೆ, ತೋಳುಗಳು ಹೊರಗೆ ಇಣುಕುತ್ತವೆ. ಮೇಲಾಗಿ ಶರ್ಟ್ ನೇತುಹಾಕಲು ಕೆಳಗೆ ಮೂರು ಅಡಿಗಿಂತ ಜಾಸ್ತಿ ಜಾಗ ಬೇಕು. ಅಷ್ಟು ಜಾಗಕ್ಕಾಗಿ ಒಂದು ಕಲ್ಲನ್ನು ಕೀಳುವ ಯೋಚನೆ ಬೇಡ. ಅದು ಎರಡೂ ಬದಿ ಗೋಡೆಯೊಳಗೆ ಸೇರಿಕೊಂಡಿರುತ್ತದೆ, ಪ್ಲಾಸ್ಟರ್ ಕಿತ್ತು ಬರುತ್ತದೆ.

ಹಾಗಾಗಿ ನನ್ನ ಸಲಹೆ ಇದು: ಈ ಕಪಾಟನ್ನು ಮಡಚಿಡುವ ಬಟ್ಟೆಗೇ ಬಿಡಿ. ಸೀರೆ, ಪಂಚೆ, ಬೆಡ್‌ಶೀಟ್, ಟವೆಲ್ ಎಲ್ಲ ನಾವು ಮಡಚಿಯೇ ಇಡುವುದು ಅಲ್ವಾ? ಕಿಟ್‌ಗಳಲ್ಲಿ ರಾಡಿಗೆ ಜಾಗ ಜಾಸ್ತಿ, ಹಲಗೆಗೆ ಕಡಿಮೆ. ನಮಗೆ ಬೇಕಾದದ್ದು ಅದಕ್ಕೆ ತಿರುಗುಮುರುಗು. ಕಡಪ ಹಲಗೆಗಳ ನಡುವೆ ಅಂತರ ಜಾಸ್ತಿ ಇದ್ದರೆ ಹನ್ನೆರಡು ಸೀರೆ ಪೇರಿಸುತ್ತೇವೆ, ಕೆಳಗಿನದು ಎಳೆದ ಕೂಡಲೇ ಇಡೀ ಸಾಲು ಜಾರುತ್ತದೆ. ಎರಡು ಹಲಗೆಗಳ ನಡುವೆ, ಕಾಲಿರುವ ಒಂದು ತಂತಿ ರ‍್ಯಾಕ್ ಇಟ್ಟರೆ ಸಾಲು ಎರಡಾಗುತ್ತದೆ. ಇದಕ್ಕೆ ಒಂದು ಸ್ಕ್ರೂ ಕೂಡ ಬೇಕಿಲ್ಲ. ಆದರೆ ರೇಷ್ಮೆ ಸೀರೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ, ಒಳಗೆ ತೇವ ನಿಂತು ಜರಿ ಕಪ್ಪಾಗುತ್ತದೆ. ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ, ಆಗಾಗ ಮಡಿಕೆ ಬದಲಿಸಿ.

ನೇತುಹಾಕುವ ಬಟ್ಟೆಗೆ ಪಕ್ಕದ ಖಾಲಿ ಗೋಡೆ ನೋಡಿ. ಅಲ್ಲಿಗೆ ನಾನು ಆರಿಸುವುದು ಚಾನಲ್ ಮತ್ತು ಬ್ರಾಕೆಟ್. ಉದ್ದಕ್ಕೂ ಸೀಳುಗಳಿರುವ ಕಬ್ಬಿಣದ ಪಟ್ಟಿಯನ್ನು ಗೋಡೆಗೆ ನೆಟ್ಟಗೆ ಬಿಗಿದು, ಬೇಕಾದ ಎತ್ತರದ ಸೀಳಿಗೆ ಬ್ರಾಕೆಟ್ ಸಿಕ್ಕಿಸುವುದು, ಅಷ್ಟೇ. ಮಕ್ಕಳು ಬೆಳೆದಂತೆ ರಾಡನ್ನು ಮೇಲಕ್ಕೆ ಸರಿಸಬಹುದು.

ಇಲ್ಲಿ ಗೋಡೆ ಎಂಥದ್ದು ಅನ್ನುವುದು ಮುಖ್ಯ. ಮೂಲೆಯಲ್ಲಿ ಒಂದು ತೂತು ಕೊರೆದು ನೋಡಿ. ಕೆಂಪು ಪುಡಿ ಬಂದರೆ ಇಟ್ಟಿಗೆ, ಬೂದು ಪುಡಿ ಬಂದರೆ ಸಿಮೆಂಟ್ ಬ್ಲಾಕ್. ಎರಡರಲ್ಲಿ ಯಾವುದಾದರೂ ಸರಿ, ಒಳಗೆ ಗಟ್ಟಿಯಾಗಿದ್ದರೆ 8 ಎಂ.ಎಂ. ತೂತಿಗೆ ಅದೇ ಅಳತೆಯ ಪ್ಲಗ್ (ಸ್ಕ್ರೂ ಹಿಡಿಯಲು ತೂತಿಗೆ ತುರುಕುವ ಪ್ಲಾಸ್ಟಿಕ್ ಕೊಳವೆ) ಹಾಕಿ ಸ್ಕ್ರೂ ಬಿಗಿಯಬಹುದು. ಡ್ರಿಲ್ ತಟ್ಟನೆ ಒಳಗೆ ಹೋಯಿತು ಅಂದರೆ ಅದು ಟೊಳ್ಳು ಬ್ಲಾಕ್. ಅಲ್ಲಿ ಮಾಮೂಲಿ ಪ್ಲಗ್ ಸುಮ್ನೆ ಸುತ್ತುತ್ತದೆ, ಭಾರ ಹೊರುವುದಿಲ್ಲ. ಅಂಥ ಗೋಡೆಗೂ, ತೂತು ಹಾಕಬೇಡಿ ಅನ್ನುವ ಬಾಡಿಗೆ ಮನೆಗೂ ನೆಲದ ಮೇಲೆ ನಿಲ್ಲುವ ಕಬ್ಬಿಣದ ಸ್ಟ್ಯಾಂಡೇ ಸರಿ.

ಹಲಗೆಯ ವಿಷಯ. ಅಗ್ಗದ ಕಿಟ್‌ಗಳು ಬಹುಪಾಲು ಪಾರ್ಟಿಕಲ್ ಬೋರ್ಡಿನವು, ಅಂದರೆ ಮರದ ಪುಡಿಗೆ ಅಂಟು ಹಾಕಿ ಒತ್ತಿದ ಹಲಗೆ. ಒಣ ಊರಿನಲ್ಲಿ ಪರವಾಗಿಲ್ಲ. ಮಲೆನಾಡು, ಕರಾವಳಿಯ ಮಳೆಗಾಲಕ್ಕೆ ಅದು ತಡೆಯುವುದು ಕಷ್ಟ. ಸ್ಕ್ರೂ ತೂತಿನಲ್ಲಿ, ಲ್ಯಾಮಿನೇಟ್ (ಮೇಲೆ ಅಂಟಿಸುವ ತೆಳು ಹಾಳೆ) ಇಲ್ಲದ ಅಂಚಿನಲ್ಲಿ ತೇವ ಹಿಡಿದು ಬೋರ್ಡ್ ಊದುತ್ತದೆ, ಆಮೇಲೆ ಸ್ಕ್ರೂ ಹಿಡಿತ ಹೋಗುತ್ತದೆ. ಅಲ್ಲಿನವರು ಕಿಟ್ ಬಿಟ್ಟು, ಚಾನಲ್ ಮೇಲೆ ಇಡಲು 18 ಎಂ.ಎಂ. ಪ್ಲೈವುಡ್ ಕೊಳ್ಳಿ. ಅಂಗಡಿಯಲ್ಲೇ ಅಳತೆಗೆ ಕತ್ತರಿಸಿಕೊಡುತ್ತಾರಾ ಕೇಳಿ. ಹಲಗೆಯ ಮೇಲೆ ಐಎಸ್ 710 ಅನ್ನುವ ಭಾರತೀಯ ಗುಣಮಟ್ಟದ ಮುದ್ರೆ ಇದ್ದರೆ ಅದು ಮೆರೈನ್ ದರ್ಜೆಯದ್ದು, ನೀರಿಗೆ ಅಂಜುವುದಿಲ್ಲ. ಯಾವ ಹಲಗೆಯಾದರೂ ಎರಡು ಅಡಿಗೆ ಒಂದು ಬ್ರಾಕೆಟ್ ಇರಲಿ, ಇಲ್ಲವಾದರೆ ನಡುವೆ ಬಾಗುತ್ತದೆ.

ಎತ್ತರದ ಸ್ಟ್ಯಾಂಡನ್ನೇ ತರುವುದಾದರೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಅದರ ಮೇಲ್ಭಾಗವನ್ನು ಎಲ್ ಆಕಾರದ ಕಬ್ಬಿಣದ ಕ್ಲಾಂಪಿನಿಂದ ಗೋಡೆಗೆ ಕಟ್ಟದೆ ಬಳಸಬೇಡಿ. ಟೊಳ್ಳು ಗೋಡೆಯಾದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಅದನ್ನು ಹೇಳಿ, ಅದಕ್ಕೆ ತಕ್ಕ ಪ್ಲಗ್ಗನ್ನೇ ಕೇಳಿ ತನ್ನಿ. ಮಕ್ಕಳು ಹಲಗೆ ಹಿಡಿದು ಹತ್ತುತ್ತಾರೆ, ಸ್ಟ್ಯಾಂಡ್ ಮುಂದಕ್ಕೆ ಮಗುಚಿ ಮಕ್ಕಳ ಮೇಲೆಯೇ ಬೀಳುತ್ತದೆ.