ನೋವು ಬೆರಳಲ್ಲಿ, ಬೇರು ಲಿವರ್‌ನಲ್ಲಿ

ಕಲಬುರಗಿ ಕಡೆ ಕೀಲು ನೋವು ಅಂದ ಕೂಡಲೇ ಜನ ಚಿಕೂನ್‌ಗುನ್ಯಾ ನೆನೆಸಿಕೊಳ್ಳುತ್ತಾರೆ. 2006ರಲ್ಲಿ ಆ ಜ್ವರ ಈ ಜಿಲ್ಲೆಯನ್ನು ಹಿಂಡಿ ಹಾಕಿತ್ತು. ಅದಲ್ಲದಿದ್ದರೆ ವಾಯು, ವಯಸ್ಸು, ಹೊಲದ ದುಡಿತ. ಲಿವರ್ ಯಾರಿಗೂ ನೆನಪಾಗುವುದಿಲ್ಲ. ಬಹುಪಾಲು ಕೀಲು ನೋವಿಗೂ ಲಿವರ್‌ಗೂ ಸಂಬಂಧ ಇರುವುದೂ ಇಲ್ಲ. ಆದರೆ ಲಿವರ್ ಕೆಡಿಸುವ ಹೆಪಟೈಟಿಸ್ ಸಿ ವೈರಸ್ ಇದ್ದವರ ಕಥೆ ಬೇರೆ.

ಈ ವೈರಸ್ ರಕ್ತದಿಂದ ರಕ್ತಕ್ಕೆ ಹರಡುತ್ತದೆ. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದರೆ, ಪರೀಕ್ಷೆ ಮಾಡದ ರಕ್ತ ಏರಿಸಿದರೆ ಬರುತ್ತದೆ. ನಮ್ಮ ದೇಶದಲ್ಲಿ ದಾನದ ರಕ್ತಕ್ಕೆ ಈ ಪರೀಕ್ಷೆ ಕಡ್ಡಾಯವಾದದ್ದು 2001ರಲ್ಲಿ. ಅದಕ್ಕೂ ಮೊದಲು ಹೆರಿಗೆಯಲ್ಲೋ ಆಪರೇಷನ್‌ನಲ್ಲೋ ರಕ್ತ ಹಾಕಿಸಿಕೊಂಡವರು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಕಾಮಾಲೆ ಬರಲೇಬೇಕು ಅಂತೇನಿಲ್ಲ. ವೈರಸ್ ಇಪ್ಪತ್ತು ವರ್ಷ ಸುಮ್ನೆ ಕೂತಿರಬಹುದು. ಕೆಲವರಲ್ಲಿ ಮೊದಲು ದೂರು ಹೇಳುವುದು ಹೊಟ್ಟೆಯಲ್ಲ, ಕೈ.

ಬೆಳಗ್ಗೆ ಎದ್ದು ಜೋಳದ ರೊಟ್ಟಿ ಬಡಿಯಲು ಕೂತರೆ ಬೆರಳು ಬಗ್ಗುವುದಿಲ್ಲ. ಮಣಿಕಟ್ಟು ಬಿಗಿ. ಎರಡೂ ಕೈಗೂ ಒಂದೇ ಪಾಡು. ಹೊತ್ತು ಏರಿದಂತೆ ಸಡಿಲವಾಗುತ್ತದೆ. ಇದೆಲ್ಲ ರುಮಟಾಯ್ಡ್ ಸಂಧಿವಾತದ ತದ್ರೂಪಿ. ರಕ್ತಕ್ಕೆ ಬರೆಸಿದರೆ ಆ ಸಂಧಿವಾತಕ್ಕೆಂದೇ ನೋಡುವ ಆರ್‌ಎ ಫ್ಯಾಕ್ಟರ್ ಪಾಸಿಟಿವ್. ಅಲ್ಲಿಗೆ ಹುಡುಕಾಟ ಮುಗಿಯಿತು ಅನ್ನಿಸುತ್ತದೆ, ಅಲ್ವಾ? ಎಡವಟ್ಟಾಗುವುದು ಇಲ್ಲೇ.

ವೈರಸ್ ವರ್ಷಗಟ್ಟಲೆ ಮೈಯಲ್ಲಿದ್ದರೆ, ರೋಗಾಣುವಿನ ವಿರುದ್ಧ ಹೋರಾಡುವ ಪ್ರತಿಕಾಯ ತಯಾರಿಸುವ ಬಿ ಜೀವಕೋಶಗಳಿಗೆ ಬಿಡುವೇ ಸಿಗುವುದಿಲ್ಲ. ಕೆರಳಿ ಕೆರಳಿ ಕೊನೆಗೆ ನಮ್ಮದೇ ಪ್ರತಿಕಾಯಗಳಿಗೆ ಅಂಟುವ ಇನ್ನೊಂದು ಪ್ರತಿಕಾಯವನ್ನು ಹುಟ್ಟಿಸುತ್ತವೆ. ಆರ್‌ಎ ಫ್ಯಾಕ್ಟರ್ ಅಂದರೆ ಅದೇ. ಅಂದರೆ ಆ ರಿಪೋರ್ಟ್ ಸುಳ್ಳಲ್ಲ, ನಾವು ಅದನ್ನು ಓದುವ ರೀತಿ ತಪ್ಪು.

ಈ ಪ್ರತಿಕಾಯಗಳು ಒಂದಕ್ಕೊಂದು ಅಂಟಿ ಗಂಟಾದಾಗ ಕ್ರಯೋಗ್ಲೋಬ್ಯುಲಿನ್ ಆಗುತ್ತದೆ. ಬೀದರ್ ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗಿ ಬಿಸಿಲಿಗೆ ಕರಗುತ್ತದಲ್ಲ, ಇದೂ ಹಾಗೆಯೇ, ತಂಪಿಗೆ ಗಟ್ಟಿ, ಬಿಸಿಗೆ ನೀರು. ಹಾಗಾಗಿ ಪರೀಕ್ಷೆಯೂ ನಾಜೂಕು. ತೆಗೆದ ರಕ್ತವನ್ನು ಮೈಯ ಬಿಸಿಯಲ್ಲೇ, 37 ಡಿಗ್ರಿಯಲ್ಲೇ ಇಟ್ಟು ಸೀರಮ್, ಅಂದರೆ ರಕ್ತದ ತಿಳಿ, ಬೇರೆ ಮಾಡಬೇಕು. ಐಸ್ ಡಬ್ಬಿಗೆ ಹಾಕಿ ದೂರದ ಲ್ಯಾಬ್‌ಗೆ ಕಳಿಸಿದರೆ ಹುಡುಕುವ ವಸ್ತು ಮೊದಲೇ ತಳಕ್ಕೆ ಇಳಿದುಹೋಗಿ ರಿಪೋರ್ಟ್ ನೆಗೆಟಿವ್ ಬರಬಹುದು. ಈ ಗಂಟುಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡರೆ ಮೊಣಕಾಲ ಕೆಳಗೆ ಕೆಂಪು-ನೇರಳೆ ಚುಕ್ಕೆ, ಸುಸ್ತು, ಕೀಲು ನೋವು ಮೂರೂ ಜೊತೆಯಾಗಿ ಬರಬಹುದು. ಕೆಲವರಿಗೆ ಪಾದ ಜೋಮು ಹಿಡಿಯುತ್ತದೆ, ಕಿಡ್ನಿಗೂ ಪೆಟ್ಟು ಬೀಳಬಹುದು.

ಗುರುತು ಹಿಡಿಯಲು ದಾರಿ ಇದೆ. ನಿಜವಾದ ಸಂಧಿವಾತದಲ್ಲಿ ಆಂಟಿ-ಸಿಸಿಪಿ ಎಂಬ ಪರೀಕ್ಷೆ ಹೆಚ್ಚಿನವರಿಗೆ ಪಾಸಿಟಿವ್ ಬರುತ್ತದೆ, ಮೂಳೆಯ ಅಂಚು ಸವೆದದ್ದು ಕ್ರಮೇಣ ಎಕ್ಸ್‌ರೇಯಲ್ಲಿ ಕಾಣುತ್ತದೆ. ಹೆಪಟೈಟಿಸ್ ಸಿ ನೋವಿನಲ್ಲಿ ಸಾಮಾನ್ಯವಾಗಿ ಎರಡೂ ಇರುವುದಿಲ್ಲ.

ಇಷ್ಟೆಲ್ಲ ಯಾಕೆ ಅಂದರೆ, ಸಂಧಿವಾತಕ್ಕೆ ಮೊದಲು ಬರೆಯುವ ಮೆಥೋಟ್ರೆಕ್ಸೇಟ್ ಲಿವರ್‌ಗೆ ಭಾರ. ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ಕೇಳಿ ನುಂಗುವ ನೋವಿನ ಮಾತ್ರೆ ಇನ್ನೊಂದು ತಲೆನೋವು. ಲಿವರ್ ಗಟ್ಟಿಯಾಗಿ ಸಿರೋಸಿಸ್ ಆದವರಿಗೆ ಅದು ಕಿಡ್ನಿಯನ್ನೇ ಕೆಡಿಸಬಹುದು. ಆರ್‌ಎ ಪಾಸಿಟಿವ್ ಬಂದವರಿಗೆಲ್ಲ ಮಾತ್ರೆ ಶುರು ಮಾಡುವ ಮೊದಲು ಒಂದು ಹೆಪಟೈಟಿಸ್ ಸಿ ಪರೀಕ್ಷೆ ಆಗಲೇಬೇಕು ಅನ್ನುವುದು ನನ್ನ ಹಟ. ಖರ್ಚೂ ಜಾಸ್ತಿ ಇಲ್ಲ.

ಸಿಕ್ಕಿಬಿದ್ದರೆ ಇವತ್ತು ಹೆದರುವ ರೋಗವಲ್ಲ. ಹಿಂದೆ ಇಂಟರ್‌ಫೆರಾನ್ ಚುಚ್ಚುತ್ತಿದ್ದರು, ಅದರಿಂದಲೇ ಮೈ-ಕೈ ನೋವು ಬರುತ್ತಿತ್ತು! ಈಗ ಸೊಫೊಸ್ಬುವಿರ್ ಜೊತೆ ಇನ್ನೊಂದು ಔಷಧಿ, ಹೆಚ್ಚಿನವರಿಗೆ 12 ವಾರ, ನೂರಕ್ಕೆ 95ಕ್ಕಿಂತ ಜಾಸ್ತಿ ಜನರಲ್ಲಿ ವೈರಸ್ ಪೂರ್ತಿ ಹೋಗುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಮಾತ್ರೆ ಎರಡೂ ಪುಕ್ಕಟೆ. ವೈರಸ್ ಹೋದ ಮೇಲೆ ಅನೇಕರ ಕೀಲು ನೋವೂ ಇಳಿಯುತ್ತದೆ. ಎಲ್ಲರದ್ದೂ ಅಲ್ಲ, ಒಮ್ಮೆಲೇ ಅಂತೂ ಅಲ್ಲ. ಕ್ರಯೋಗ್ಲೋಬ್ಯುಲಿನ್ ಕೆಲವರ ರಕ್ತದಲ್ಲಿ ಆಮೇಲೂ ಉಳಿದಿರುತ್ತದೆ.

ಇನ್ನೊಂದು ಮಾತು. ಗುಣವಾದ ಮೇಲೂ ಹೆಪಟೈಟಿಸ್ ಸಿ ಪ್ರತಿಕಾಯ ಪರೀಕ್ಷೆ ಪಾಸಿಟಿವ್ ಅಂತಲೇ ಬರುತ್ತಿರುತ್ತದೆ. ವೈರಸ್ ಇದೆಯೋ ಇಲ್ಲವೋ ಹೇಳುವುದು ಆರ್‌ಎನ್‌ಎ ಪರೀಕ್ಷೆ. ಆ ನೆಗೆಟಿವ್ ರಿಪೋರ್ಟ್ ಎಸೆಯಬೇಡಿ. ಮುಂದೆ ಯಾವುದೋ ಆಪರೇಷನ್‌ಗೆ ಹೋದಾಗ ಅದನ್ನೇ ತೋರಿಸಬೇಕಾಗುತ್ತದೆ.