ಕಲ್ಲು ಹಾಕಿಸಿ ಅಂತೀರಿ, ಮರಳು ಎಲ್ಲಿಂದ ಬರುತ್ತೆ?

ಜುಲೈ ಬಂತೆಂದರೆ ಕಡಲ ದಡದವರ ಕರೆಗಳಿಂದ ನನ್ನ ಫೋನಿಗೆ ಬಿಡುವಿಲ್ಲ. "ಸರ್, ಕಡಲು ಅಂಗಳಕ್ಕೆ ಬಂತು, ಬೇಗ ಕಲ್ಲು ಹಾಕಿಸಿ." ಅವರ ಭಯ ಸುಳ್ಳಲ್ಲ. ತಾವೇ ನೆಟ್ಟ ತೆಂಗು ಬೇರು ಸಮೇತ ನೀರಿಗೆ ಬಿದ್ದದ್ದನ್ನು ಕಂಡವರು ಅವರು. ಆದರೂ ಈ ಕಲ್ಲಿನ ತಡೆಗೋಡೆಯ ವಿಷಯ ಎಷ್ಟು ಸಲ ಹೇಳಿದರೂ ತಲೆಗೆ ಹೋಗುತ್ತಿಲ್ಲ. ಇನ್ನೊಮ್ಮೆ ಹೇಳುತ್ತೇನೆ.

ಅಲೆ ವಾಪಸ್ ಹೋಗುವಾಗ ನೀರಲ್ಲಿ ಬರಿಗಾಲಲ್ಲಿ ನಿಂತು ನೋಡಿ. ಹಿಮ್ಮಡಿ ಅಡಿಯ ಮರಳು ಜಾರುತ್ತದೆ, ಕಾಲು ಹೂತುಕೊಳ್ಳುತ್ತದೆ, ಅಲ್ವಾ? ತಡೆಗೋಡೆಗೂ ಹಾಗೇ. ಅಲೆ ಕಲ್ಲಿಗೆ ಬಡಿದು ಮರಳುವಾಗ ಬುಡದ ಮರಳನ್ನು ಬಾಚಿಕೊಂಡು ಹೋಗುತ್ತದೆ. ಕೆಲವು ಮಳೆಗಾಲ ಕಳೆದರೆ ಕಲ್ಲು ಕುಸಿಯುತ್ತದೆ. ಮತ್ತೆ ಲಾರಿ, ಮತ್ತೆ ಕಲ್ಲು.

ಇನ್ನೂ ದೊಡ್ಡ ವಿಷಯವಿದೆ. ಅಲೆ ಓರೆಯಾಗಿ ಬಡಿಯುವುದರಿಂದ ಮರಳು ದಡದ ಉದ್ದಕ್ಕೂ ಸಾಗುತ್ತಲೇ ಇರುತ್ತದೆ. ನಿಮ್ಮ ದಡದ ಮರಳು ಪಕ್ಕದ ಊರಿಂದ ಬಂದದ್ದು, ಮುಂದಿನ ಊರಿಗೆ ಹೋಗಬೇಕಾದದ್ದು. ನಡುವೆ ತಡೆದರೆ ಆ ಊರಿಗೆ ಕೊರೆತ. ಆ ಊರು ಬೇರೆ ದೇಶದಲ್ಲೂ ಇರಬಹುದು.

ಇದಕ್ಕೆ ನಾನು ತೋರಿಸುವುದು ಪಶ್ಚಿಮ ಆಫ್ರಿಕಾದ ನಕ್ಷೆ. ಅಲ್ಲಿ ಮರಳು ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತದೆ: ಘಾನಾ, ಟೋಗೊ, ಬೆನಿನ್. 1960ರ ದಶಕದಲ್ಲಿ ಘಾನಾದ ವೋಲ್ಟಾ ನದಿಗೆ ಅಕೊಸೊಂಬೊ ಅಣೆಕಟ್ಟು ಬಂತು. ನದಿ ತರುತ್ತಿದ್ದ ಮರಳು ಅಲ್ಲೇ ನಿಂತಿತು. ಅದೇ ದಶಕದಲ್ಲಿ ಟೋಗೊದ ಲೋಮೆಯಲ್ಲಿ ಬಂದರು ಕಟ್ಟಿದರು. ಅಲೆ ತಡೆಯಲು ಕಡಲೊಳಗೆ ಚಾಚಿದ ಅದರ ಗೋಡೆಯ (ಬ್ರೇಕ್‌ವಾಟರ್) ಪಶ್ಚಿಮಕ್ಕೆ ಮರಳು ಗುಡ್ಡೆಯಾಯಿತು, ಪೂರ್ವಕ್ಕೆ ಮನೆಗಳು, ಕರಾವಳಿ ರಸ್ತೆ ಕಡಲ ಪಾಲಾದವು. ಗಡಿ ಹತ್ತಿರದ ಅನೇಹೊ ಪಟ್ಟಣಕ್ಕೆ ರಕ್ಷಣೆ ಕೊಟ್ಟರೆ ಕೊರೆತ ಬೆನಿನ್ ಕಡೆ ಸರಿಯಿತು. ಇತ್ತ ಕಡಲ ಮಟ್ಟವೂ ಏರುತ್ತಿದೆ.

ಕೊನೆಗೆ ಟೋಗೊ, ಬೆನಿನ್ ಎರಡೂ ದೇಶಗಳಿಗೆ ಒಬ್ಬರ ಗೋಡೆ ಇನ್ನೊಬ್ಬರ ಗುಂಡಿ ಅನ್ನುವುದು ಅರ್ಥವಾಯಿತು. 2018ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಶುರುವಾದ ವಾಕಾ (WACA) ಎಂಬ ಪಶ್ಚಿಮ ಆಫ್ರಿಕಾ ಕರಾವಳಿ ಯೋಜನೆಯಲ್ಲಿ ಟೋಗೊದ ಅಗ್ಬೊದ್ರಾಫೊದಿಂದ ಬೆನಿನ್‌ನ ಗ್ರಾಂಡ್ ಪೊಪೊವರೆಗಿನ ದಡವನ್ನು ಒಂದೇ ತುಂಡಾಗಿ ನೋಡಿ ಕೆಲಸ ಹಿಡಿದರು. ಅಲ್ಲಲ್ಲಿ ಗ್ರಾಯಿನ್, ಅಂದರೆ ಸಾಗುವ ಮರಳನ್ನು ಹಿಡಿಯಲು ದಡದಿಂದ ಕಡಲೊಳಗೆ ಚಾಚಿದ ಅಡ್ಡಗೋಡೆ; ಜೊತೆಗೆ ಮರಳು ತುಂಬುವುದು. ನನಗೆ ಮುಖ್ಯ ಅನ್ನಿಸುವುದು ಈ ಮರಳು ತುಂಬುವ ಭಾಗ. ಸುಮ್ನೆ ಗ್ರಾಯಿನ್ ಹಾಕಿದರೆ ಮುಂದಿನವರಿಗೆ ಮರಳು ಸಿಗುವುದಿಲ್ಲ.

ಅಲ್ಲಿನ ವಿನ್ಯಾಸವನ್ನು ಹಾಗೇ ಇಲ್ಲಿಗೆ ತರಬೇಡಿ. ನಮ್ಮಲ್ಲಿ ಮಳೆಗಾಲದಲ್ಲಿ ಹೋದ ಮರಳಲ್ಲಿ ಸಾಕಷ್ಟು ಪಾಲು ಮಳೆ ಮುಗಿದ ಮೇಲೆ ವಾಪಸ್ ಬರುತ್ತದೆ. ಅದಕ್ಕೇ ಕಲ್ಲಿಗೆ ಮೊದಲು ಕನಿಷ್ಠ ಒಂದು ವರ್ಷ ದಡದ ಅಳತೆ ಮಾಡಿ ಅನ್ನುವುದು. ಹೋಗೇಬಿಡುವ ರಸ್ತೆ ಉಳಿಸಲು ಕಲ್ಲು ಹಾಕುವುದಕ್ಕೆ ನನ್ನ ವಿರೋಧವಿಲ್ಲ.

ಕಳೆದ ವರ್ಷ ಮಂಗಳೂರು ಬಳಿಯ ಸೋಮೇಶ್ವರದ ಅಜ್ಜಿಯೊಬ್ಬರು ಜುಲೈಯಲ್ಲಿ ಅತ್ತು, ಡಿಸೆಂಬರ್‌ನಲ್ಲಿ ಹೊಸ ದಡದ ಮೇಲೆ ಮೀನು ಒಣಗಿಸುತ್ತಿದ್ದರು. ಮುಂದಿನ ಸಭೆಗೆ ತಲಪಾಡಿ ಗಡಿಯಾಚೆ ಕೇರಳದ ಮಂಜೇಶ್ವರದ ಮೀನುಗಾರರನ್ನೂ ಕರೆಸಿ ಅಂದಿದ್ದೇನೆ. ಅವರಿಗೂ ಇದೇ ಕಡಲು.